ಠಸ್ಸೆ ಒತ್ತಿದವರೇ ಅದನ್ನು ಅಳಿಸಬೇಕಾ? ರಹಸ್ಯ ಕಡತಗಳ ಮೇಲೆ ಹೊರಗಿನ ಕಣ್ಣು

ಕಡತಪ್ರಿಯ

ಒಂದು ಹಳೆಯ ಮೊಕದ್ದಮೆಯಿಂದ ಶುರು ಮಾಡುತ್ತೇನೆ, ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

1948ರ ಅಕ್ಟೋಬರ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ವೇಕ್ರಾಸ್ ಹತ್ತಿರ ಒಂದು ಬಿ-29 ವಿಮಾನ ಬಿತ್ತು. ಒಳಗಿದ್ದ 13 ಜನರಲ್ಲಿ 9 ಜನ ಸತ್ತರು. ಸತ್ತವರಲ್ಲಿ ಸೇನೆಗೆ ಸೇರದ ಎಂಜಿನಿಯರ್‌ಗಳೂ ಇದ್ದರು. ಅಂಥ ಮೂವರ ಹೆಂಡತಿಯರು ಪರಿಹಾರ ಕೇಳಿ ಕೋರ್ಟಿಗೆ ಹೋದರು. ಅಪಘಾತದ ತನಿಖಾ ವರದಿ ಕೊಡಿಸಿ ಎಂದರು. ವಾಯುಪಡೆ ಕೊಡಲಿಲ್ಲ. ವಿಮಾನದಲ್ಲಿ ಗುಪ್ತ ಉಪಕರಣಗಳ ಪರೀಕ್ಷೆ ನಡೆಯುತ್ತಿತ್ತು, ವರದಿ ಹೊರಗೆ ಬಂದರೆ ದೇಶದ ಭದ್ರತೆಗೆ ಕುತ್ತು ಎಂದಿತು. ಕೆಳಗಿನ ಕೋರ್ಟಿನ ನ್ಯಾಯಾಧೀಶರು, ಹಾಗಾದರೆ ನನ್ನೊಬ್ಬನಿಗೆ ತೋರಿಸಿ, ನಾನೇ ನೋಡಿ ತೀರ್ಮಾನ ಮಾಡುತ್ತೇನೆ ಎಂದರು. ಅದಕ್ಕೂ ಒಪ್ಪಲಿಲ್ಲ. ಹಾಗಾಗಿ ಆ ಹೆಂಗಸರು ಗೆದ್ದರು. ಮೇಲ್ಮನವಿಯಲ್ಲೂ ಗೆದ್ದರು. ಆದರೆ 1953ರಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ಇದೇ ರೆನಾಲ್ಡ್ಸ್ ತೀರ್ಪು. ಆ ವರದಿಯನ್ನು ಒಬ್ಬ ನ್ಯಾಯಮೂರ್ತಿಯೂ ತೆರೆದು ನೋಡಿರಲಿಲ್ಲ.

ಸುಮಾರು 50 ವರ್ಷ ಕಳೆಯಿತು. ಅಪ್ಪ ಸತ್ತಾಗ ಕೈಗೂಸಾಗಿದ್ದ ಒಬ್ಬ ಮಗಳು 2000ದ ಹೊತ್ತಿಗೆ ಇಂಟರ್‌ನೆಟ್‌ನಲ್ಲಿ ಹುಡುಕುತ್ತಾ ಕುಳಿತಾಗ ಅದೇ ವರದಿ ಸಿಕ್ಕಿತು. ಅಷ್ಟರಲ್ಲಿ ಅದರ ಗುಪ್ತ ಮುದ್ರೆ ತೆಗೆದಾಗಿತ್ತು. ದುಡ್ಡು ಕೊಟ್ಟು ತರಿಸಿಕೊಂಡರು. ಒಳಗೆ ಏನಿತ್ತು? ಎಂಜಿನ್‌ಗೆ ಬೆಂಕಿ ಹತ್ತಿದ್ದು, ಹಾಕಲೇಬೇಕು ಎಂದು ಆದೇಶವಿದ್ದ ಶಾಖ ತಡೆಯುವ ತಗಡುಗಳನ್ನು ಹಾಕದೇ ಬಿಟ್ಟಿದ್ದು. ಗುಪ್ತ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರ ಅದರಲ್ಲಿ ಇರಲೇ ಇಲ್ಲ.

ನನ್ನ ಪ್ರಶ್ನೆ ಸರ್ಕಾರ ರಹಸ್ಯ ಇಟ್ಟುಕೊಳ್ಳಬಾರದು ಅಂತಲ್ಲ. ಇಟ್ಟುಕೊಳ್ಳಲಿ. ಆದರೆ ಒಂದು ಕಾಗದ ನಿಜವಾಗಿ ರಹಸ್ಯವೋ ಅಲ್ಲವೋ ಎಂದು, ಠಸ್ಸೆ ಒತ್ತಿದವರನ್ನು ಬಿಟ್ಟು ಇನ್ನೊಬ್ಬರು ಯಾರಾದರೂ ಓದಿ ನೋಡಬೇಕಲ್ವಾ? ಯಾರು ನೋಡಬೇಕು? ನೋಡಿದ ಮೇಲೆ ಅವರ ಮಾತಿಗೆ ಎಷ್ಟು ಬೆಲೆ ಇರಬೇಕು?

ಬೆಳ್ಳಿಚುಕ್ಕಿ

ಓದಿ ಮೈ ಉರಿಯಿತು. ಒಂದು ಮೂಲಭೂತ ಪ್ರಶ್ನೆ, ನಗಬೇಡಿ. ಯಾವುದು ರಹಸ್ಯ, ಯಾವುದು ಪರಮ ರಹಸ್ಯ ಅಂತ ಅಳತೆ ಏನಾದರೂ ಇದೆಯಾ? ಅಥವಾ ಅಧಿಕಾರಿ ಆ ದಿನ ಯಾವ ಮನಸ್ಸಲ್ಲಿ ಇದ್ದಾರೋ ಅದರ ಮೇಲೆಯಾ?

ಕಡತಪ್ರಿಯ

ಅಳತೆ ಇದೆ, ಆದರೆ ಅದು ರಬ್ಬರಿನ ಅಳತೆಪಟ್ಟಿ. ಅಮೆರಿಕದ್ದನ್ನೇ ತೆಗೆದುಕೊಳ್ಳಿ, ಅಲ್ಲಿನ ನಿಯಮ ಎಲ್ಲರಿಗೂ ಓದಲು ಸಿಗುತ್ತದೆ. 2009ರ ಡಿಸೆಂಬರ್‌ನಲ್ಲಿ ಒಬಾಮ ಸಹಿ ಹಾಕಿದ 13526ನೇ ಆದೇಶ. ಮಾಹಿತಿ ಹೊರಬಿದ್ದರೆ ದೇಶದ ಭದ್ರತೆಗೆ ಹಾನಿ ಆಗುವಂತಿದ್ದರೆ ಕಾನ್ಫಿಡೆನ್ಶಿಯಲ್. ಗಂಭೀರ ಹಾನಿ ಆಗುವಂತಿದ್ದರೆ ಸೀಕ್ರೆಟ್. ಅಸಾಧಾರಣ ಗಂಭೀರ ಹಾನಿ ಅಂದ್ರೆ ಟಾಪ್ ಸೀಕ್ರೆಟ್. ಗಂಭೀರಕ್ಕೂ ಅಸಾಧಾರಣ ಗಂಭೀರಕ್ಕೂ ಗೆರೆ ಎಲ್ಲಿ ಎಂದು ಕೇಳಿದರೆ, ಅದು ಅಧಿಕಾರಿಯ ವಿವೇಚನೆ.

ಅದೇ ಆದೇಶದಲ್ಲಿ ಒಂದು ಒಳ್ಳೆಯ ಸಾಲಿದೆ. ಕಾನೂನು ಮುರಿದದ್ದನ್ನು, ಅದಕ್ಷತೆಯನ್ನು, ಆಡಳಿತದ ತಪ್ಪನ್ನು ಮುಚ್ಚಿಹಾಕಲು ಗುಪ್ತ ಮುದ್ರೆ ಬಳಸಬಾರದು. ಯಾರಿಗಾದರೂ ಮುಜುಗರ ಆಗುತ್ತದೆ ಎಂಬ ಕಾರಣಕ್ಕೂ ಬಳಸಬಾರದು. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯಲು ಆಗುವುದಿಲ್ಲ. ಆದರೆ ಮುಜುಗರಕ್ಕಾಗಿ ಒತ್ತಿದ್ದೋ ಭದ್ರತೆಗಾಗಿ ಒತ್ತಿದ್ದೋ ಎಂದು ತಿಳಿಯಬೇಕಾದರೆ ಕಾಗದ ಓದಬೇಕು. ಓದಬೇಕಾದರೆ ಅನುಮತಿ ಬೇಕು. ಅನುಮತಿ ಕೊಡುವವರು ಠಸ್ಸೆ ಒತ್ತಿದವರೇ.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಇದು ರಹಸ್ಯ ಎಂದು ಮೊದಲ ಬಾರಿ ತೀರ್ಮಾನಿಸುವ ಅಧಿಕಾರ ಇರುವುದು ಕೆಲವೇ ಜನರಿಗೆ. ಉಳಿದವರು ಮಾಡುವುದು ನಕಲು ವರ್ಗೀಕರಣ. ರಹಸ್ಯ ಕಾಗದದಿಂದ ಒಂದು ಸಾಲು ಎತ್ತಿ ಹೊಸ ಮೇಲ್‌ನಲ್ಲಿ ಹಾಕಿದರೆ ಆ ಮೇಲ್ ಕೂಡ ರಹಸ್ಯ. 2012ರಲ್ಲಿ ಅಮೆರಿಕದಲ್ಲಿ ಮೊದಲ ಬಗೆಯ ತೀರ್ಮಾನಗಳು ಸುಮಾರು 73 ಸಾವಿರ. ಎರಡನೆಯ ಬಗೆಯವು ಸುಮಾರು 9.5 ಕೋಟಿ! ಆಮೇಲೆ ಈ ಲೆಕ್ಕವೇ ನಂಬಲು ಬರುವುದಿಲ್ಲ ಎಂದು ಎಣಿಸುವುದನ್ನೇ ಬಿಟ್ಟರು.

ನಿವೃತ್ತ ಗುಮಾಸ್ತ

ನಾನು ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ಯಾವ ಕಚೇರಿ ಅಂತ ಹೇಳುವುದಿಲ್ಲ, ಕೇಳಬೇಡಿ. ಕಡತಪ್ರಿಯ ಅವರು ನಕಲು ವರ್ಗೀಕರಣ ಎಂದರಲ್ಲ, ನಾವು ಅದಕ್ಕೆ ಅಂಟುಜಾಡ್ಯ ಅನ್ನುತ್ತಿದ್ದೆವು. ಒಂದು ರಹಸ್ಯ ಪತ್ರ ಕಡತಕ್ಕೆ ಸೇರಿತು ಅಂದ್ರೆ ಮುಗಿಯಿತು, ಇಡೀ ಕಡತ ರಹಸ್ಯ. ಅದರೊಳಗೆ ಪತ್ರಿಕೆಯ ತುಣುಕು ಇದ್ದರೆ ಅದೂ ರಹಸ್ಯ. ಬೆಳಿಗ್ಗೆ ಎಲ್ಲರೂ ಓದಿದ ಪೇಪರು ಮಧ್ಯಾಹ್ನ ನಮ್ಮ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತಿತ್ತು.

ಯಾಕೆ ಹೀಗೆ ಅಂದ್ರೆ, ಉತ್ತರ ತುಂಬ ಸರಳ. ಮುದ್ರೆ ಹಾಕದೇ ಬಿಟ್ಟು ಏನಾದರೂ ಹೆಚ್ಚುಕಮ್ಮಿ ಆದರೆ ಮೆಮೊ ಬರುತ್ತದೆ, ನೌಕರಿಗೇ ಕುತ್ತು. ಬೇಡದ ಕಡೆ ಮುದ್ರೆ ಹಾಕಿದ್ದಕ್ಕೆ ನನ್ನ ಸರ್ವೀಸಿನಲ್ಲಿ ಒಬ್ಬರಿಗೂ ಒಂದು ಮಾತೂ ಬಂದದ್ದಿಲ್ಲ. ಹಾಗಿದ್ದ ಮೇಲೆ ಯಾವ ಗುಮಾಸ್ತ ಮುದ್ರೆ ಇಲ್ಲದೆ ಕಳಿಸುತ್ತಾನೆ ಹೇಳಿ? ನಾನೂ ಕಳಿಸಲಿಲ್ಲ.

ಒಂದು ಸಲ ಬರೀ ಪೀಠೋಪಕರಣ ರಿಪೇರಿಯ ಪತ್ರವ್ಯವಹಾರ ಇದ್ದ ಕಡತಕ್ಕೆ ರಹಸ್ಯ ಮುದ್ರೆ ಬಿದ್ದಿತ್ತು. ತೆಗೆಸೋಣ ಎಂದು ನಾನೇ ಟಿಪ್ಪಣಿ ಬರೆದೆ. ಮುದ್ರೆ ಹಾಕಿದವರು ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಬಂದವರು, ನಾನು ಹಾಕಿದ್ದಲ್ಲ, ನಾನು ಯಾಕೆ ತೆಗೆಯಲಿ ಅಂದರು. ಮೇಲಿನವರು, ಕೆಳಗಿನಿಂದ ಶಿಫಾರಸು ಬರಲಿ ಅಂದರು. ಟಿಪ್ಪಣಿ ಮೇಲೆ ಕೆಳಗೆ ಓಡಾಡಿ ಓಡಾಡಿ ಕೊನೆಗೆ ಆ ಟಿಪ್ಪಣಿಗೂ ರಹಸ್ಯ ಎಂದು ಮುದ್ರೆ ಬಿತ್ತು. ಕುರ್ಚಿಗಳು ಹೋಗಿ ಎಷ್ಟೋ ವರ್ಷ ಆಗಿತ್ತು, ಕಡತ ಮಾತ್ರ ನಾನು ನಿವೃತ್ತಿ ಆಗುವವರೆಗೂ ಬೀಗದೊಳಗೇ ಇತ್ತು.

ಸುಮ್ನೆಓದೋನು

ಗುಮಾಸ್ತರೇ 😂 ಆ ಟಿಪ್ಪಣಿಗೂ ಮುದ್ರೆ!

ನಿಮ್ಮ ಕುರ್ಚಿ ಕಡತಕ್ಕೆ ಒಬ್ಬ ಅಣ್ಣ ಇದ್ದಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1917-18ರಲ್ಲಿ ಬರೆದ, ಕಣ್ಣಿಗೆ ಕಾಣದ ಶಾಯಿ ಮಾಡುವ ವಿಧಾನದ ಕಾಗದಗಳನ್ನು ಸಿಐಎ ಬಿಡುಗಡೆ ಮಾಡಿದ್ದು 2011ರಲ್ಲಿ. 90 ವರ್ಷ ದಾಟಿತ್ತು. ಸಿಐಎ ಹುಟ್ಟಿದ್ದೇ 1947ರಲ್ಲಿ!

ಅಡ್ಡಪ್ರಶ್ನೆ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಅಡ್ಡ ಬರುತ್ತೇನೆ.

ನಗುವ ಉದಾಹರಣೆ ಹೆಕ್ಕುವುದು ಸುಲಭ. ಅಳುವ ಉದಾಹರಣೆಯೂ ಇವೆ. ಎರಡನೇ ಮಹಾಯುದ್ಧದಲ್ಲಿ, 1942ರ ಜೂನ್‌ನಲ್ಲಿ ಮಿಡ್‌ವೇ ಕದನ ಮುಗಿದ ಕೂಡಲೇ ಷಿಕಾಗೊ ಟ್ರಿಬ್ಯೂನ್ ಒಂದು ಸುದ್ದಿ ಹಾಕಿತು. ಜಪಾನಿನ ಯಾವ ಯಾವ ಹಡಗು ಬರುತ್ತದೆ ಎಂದು ಅಮೆರಿಕದ ನೌಕಾಪಡೆಗೆ ಮೊದಲೇ ತಿಳಿದಿತ್ತು ಎಂಬ ಸುದ್ದಿ. ಓದಿದ ಶತ್ರುವಿಗೆ ತನ್ನ ಸಂಕೇತಲಿಪಿ ಒಡೆದಿದೆ ಎಂದು ಹೊಳೆದಿದ್ದರೆ ಸಾಕಿತ್ತು. ಸರ್ಕಾರ ಪತ್ರಿಕೆಯ ಮೇಲೆ ಕೇಸು ಹಾಕಲು ಹೊರಟಿತು. ಆದರೆ ಏನು ಹಾನಿ ಎಂದು ಜ್ಯೂರಿಗೆ ವಿವರಿಸಬೇಕಾದರೆ ಅದೇ ರಹಸ್ಯ ಬಿಚ್ಚಬೇಕು. ನೌಕಾಪಡೆ ಬಾಯಿ ಬಿಡಲಿಲ್ಲ, ಕೇಸು ಬಿದ್ದುಹೋಯಿತು. ಬ್ರಿಟನ್ನಿನ ಬ್ಲೆಚ್‌ಲಿ ಪಾರ್ಕಿನಲ್ಲಿ ಸಾವಿರಾರು ಜನ ಜರ್ಮನ್ ಸಂಕೇತ ಒಡೆಯುವ ಕೆಲಸ ಮಾಡಿದರು. 1970ರ ದಶಕದವರೆಗೆ ಮನೆಯವರಿಗೂ ಹೇಳಲಿಲ್ಲ.

ಇನ್ನು ಚೂರು ಚೂರು ಸೇರಿಸುವ ವಾದ. ಒಂದು ಕಾಗದ ನಿಮಗೆ ನಿರುಪದ್ರವಿ ಅನಿಸಬಹುದು. ಅದರ ಜೊತೆ ಇನ್ನು ನಾಲ್ಕು ಚೂರು ಇಟ್ಟುಕೊಂಡವನಿಗೆ ಅದು ಐದನೆಯ ಚೂರು. ಇದು ಹೊರಗಿನ ನ್ಯಾಯಾಧೀಶರಿಗೆ, ಆಯುಕ್ತರಿಗೆ ಹೇಗೆ ತಿಳಿಯಬೇಕು? ಅವರು ವಾರಕ್ಕೊಂದು ವಿಷಯ ನೋಡುವವರು. ನೋಡುವ ಕಣ್ಣು ಜಾಸ್ತಿ ಆದಷ್ಟೂ ಸೋರುವ ತೂತೂ ಜಾಸ್ತಿ.

ಹೂತಲೆಕ್ಕ

ಅಡ್ಡಪ್ರಶ್ನೆ ಅವರೇ, ತೂತಿನ ಮಾತು ಬಂತಲ್ಲ. ಅಮೆರಿಕದಲ್ಲಿ ರಹಸ್ಯ ನೋಡಲು ಕ್ಲಿಯರೆನ್ಸ್ ಇರುವವರು 40 ಲಕ್ಷಕ್ಕೂ ಹೆಚ್ಚು. ಎಲ್ಲದಕ್ಕೂ ಮುದ್ರೆ ಒತ್ತಿದರೆ ದಿನದ ಕೆಲಸ ಮಾಡುವುದಕ್ಕೇ ಅಷ್ಟು ಜನ ಬೇಕಾಗುತ್ತದೆ. 2023ರಲ್ಲಿ ಉಕ್ರೇನ್ ಯುದ್ಧದ ಕಾಗದಗಳು ಗೇಮ್ ಆಡುವವರ ಚಾಟ್ ಗುಂಪಿನಲ್ಲಿ ಸೋರಿದವು. ಸೋರಿಸಿದವನು 21 ವರ್ಷದ ಏರ್ ನ್ಯಾಷನಲ್ ಗಾರ್ಡ್ ಹುಡುಗ. ಹೊರಗಿನ ಪರಿಶೀಲಕ ಅಲ್ಲ. ನಲವತ್ತು ಲಕ್ಷದ ಜೊತೆ ಇನ್ನೊಂದು ಇಪ್ಪತ್ತು ಪರಿಶೀಲಕರು ಸೇರಿದರೆ ತೂತು ಎಷ್ಟು ದೊಡ್ಡದಾದೀತು?

ಪೆಂಟಗನ್ ಪೇಪರ್ಸ್ ಅಂದ್ರೆ ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕ ಸರ್ಕಾರವೇ ಮಾಡಿಸಿದ್ದ ಗುಪ್ತ ಅಧ್ಯಯನ, ಪತ್ರಿಕೆಗಳಿಗೆ ಸೋರಿತ್ತು. ಆ ಕೇಸಿನಲ್ಲಿ 1971ರಲ್ಲಿ ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಇದನ್ನೇ ಹೇಳಿದ್ದರು. ಎಲ್ಲವೂ ಗುಪ್ತವಾದರೆ ಯಾವುದೂ ಗುಪ್ತವಲ್ಲ.

ವಕೀಲೆ_ರೇ

ಅಡ್ಡಪ್ರಶ್ನೆ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಮಿಡ್‌ವೇ ಸಂಕೇತದ ಕಾಗದವನ್ನು ಯಾವ ಪರಿಶೀಲಕರ ಮುಂದೆ ಇಟ್ಟರೂ, ಮುಚ್ಚಿಡಿ ಎಂದೇ ಹೇಳುತ್ತಿದ್ದರು. ಹೊರಗಿನ ಕಣ್ಣು ಅಂದ್ರೆ ಎಲ್ಲ ತೆರೆದುಬಿಡುವ ಕೈ ಅಲ್ಲ. ಈ ಎರಡನ್ನೂ ಒಂದೇ ಮಾಡುವುದರಿಂದಲೇ ಜಗಳ ಹುಟ್ಟುವುದು.

ಆದರೆ ಪೆಂಟಗನ್ ಪೇಪರ್ಸ್‌ನ ಬಾಲಂಗೋಚಿ ಕೇಳಿ. ಅದನ್ನು ಅಚ್ಚು ಹಾಕಬಾರದು ಎಂದು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಿದವರು ಸಾಲಿಸಿಟರ್ ಜನರಲ್ ಅರ್ವಿನ್ ಗ್ರಿಸ್ವೋಲ್ಡ್. 18 ವರ್ಷದ ನಂತರ, 1989ರಲ್ಲಿ, ಅವರೇ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು. ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಅಪಾಯವಾದ ಸುಳಿವೇ ತಮಗೆ ಕಾಣಲಿಲ್ಲ, ಮುದ್ರೆ ಒತ್ತುವವರ ಮುಖ್ಯ ಚಿಂತೆ ಭದ್ರತೆಯಲ್ಲ, ಸರ್ಕಾರದ ಮುಜುಗರ ಎಂಬ ಅರ್ಥದಲ್ಲಿ. ಇಷ್ಟಾದರೂ ಆ ಕಾಗದಗಳು ಅಧಿಕೃತವಾಗಿ ಪೂರ್ತಿ ಬಿಡುಗಡೆಯಾದದ್ದು 2011ರಲ್ಲಿ. 40 ವರ್ಷ ಎಲ್ಲರ ಪುಸ್ತಕದ ಕಪಾಟಿನಲ್ಲಿದ್ದ ರಹಸ್ಯ.

ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗದ ಅಧ್ಯಕ್ಷ ಥಾಮಸ್ ಕೀನ್ ಹೇಳಿದ್ದು ಇನ್ನೂ ಖಾರ. ತಾವು ಓದಿದ ಗುಪ್ತ ಕಾಗದಗಳಲ್ಲಿ ಮುಕ್ಕಾಲು ಪಾಲಿಗೆ ಮುದ್ರೆಯೇ ಬೇಕಿರಲಿಲ್ಲ ಎಂದರು. ಅವರೇನು ಸರ್ಕಾರದ ವೈರಿಯಲ್ಲ.

ಕಡತಪ್ರಿಯ

ವಕೀಲೆ ಮೇಡಂ, ನ್ಯಾಯಾಲಯ ಬಿಟ್ಟು ಬೇರೆ ದಾರಿಗಳ ಬಗ್ಗೆ ಹೇಳಿ. ಫ್ರಾನ್ಸ್‌ನಲ್ಲಿ ಒಂದು ಆಯೋಗ ಇದೆ ಅಂತ ಕೇಳಿದ್ದೇನೆ.

ವಕೀಲೆ_ರೇ

ಇದೆ. 1998ರ ಕಾನೂನಿನಿಂದ ಬಂದದ್ದು. ಐದು ಸದಸ್ಯರು. ಮೂವರು ಅಲ್ಲಿನ ದೊಡ್ಡ ನ್ಯಾಯಸಂಸ್ಥೆಗಳು ಮತ್ತು ಲೆಕ್ಕ ಪರಿಶೋಧನಾ ನ್ಯಾಯಾಲಯದಿಂದ, ಇಬ್ಬರು ಸಂಸತ್ತಿನಿಂದ. ತನಿಖೆ ಮಾಡುತ್ತಿರುವ ನ್ಯಾಯಾಧೀಶರಿಗೆ ಗುಪ್ತ ಕಾಗದ ಬೇಕಾದರೆ ಮಂತ್ರಿಗೆ ಕೇಳುತ್ತಾರೆ, ಮಂತ್ರಿ ಆಯೋಗದ ಮುಂದೆ ಇಡಬೇಕು. ಆಯೋಗ ಕಾಗದ ಪೂರ್ತಿ ಓದಿ, ತೆರೆಯಬಹುದು, ಬೇಡ, ಅಥವಾ ಇಷ್ಟು ಭಾಗ ತೆರೆಯಬಹುದು ಎಂದು ಅಭಿಪ್ರಾಯ ಕೊಡುತ್ತದೆ. ಅಭಿಪ್ರಾಯ ಏನು ಎಂಬುದು ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಆದರೆ ಕೊನೆಯ ಮಾತು ಮಂತ್ರಿಯದೇ. ಸಾಮಾನ್ಯವಾಗಿ ಆಯೋಗದ ಮಾತನ್ನೇ ಕೇಳುತ್ತಾರೆ. ಕೇಳದಿದ್ದರೆ ಏನೂ ಮಾಡುವಂತಿಲ್ಲ.

ಕೆನಡಾದಲ್ಲಿ ಮಾಹಿತಿ ಆಯುಕ್ತರಿಗೆ 2019ರವರೆಗೆ ಶಿಫಾರಸು ಮಾಡುವ ಅಧಿಕಾರ ಮಾತ್ರ ಇತ್ತು. ಈಗ ಆದೇಶ ಮಾಡಬಹುದು. ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಇಂಥ ವಿಷಯಕ್ಕೆಂದೇ ಗೊತ್ತುಪಡಿಸಿದ ನ್ಯಾಯಾಧೀಶರಿದ್ದಾರೆ, ವಾರಕ್ಕೊಂದು ವಿಷಯ ನೋಡುವವರಲ್ಲ. ಮಾಹೆರ್ ಅರಾರ್ ಪ್ರಕರಣ ನೆನಪಿದೆಯಾ? ಕೆನಡಾದ ಈ ಪ್ರಜೆಯನ್ನು ಅಮೆರಿಕ ಸಿರಿಯಾಕ್ಕೆ ಕಳಿಸಿತು, ಅಲ್ಲಿ ಚಿತ್ರಹಿಂಸೆ ಕೊಟ್ಟರು. 2006ರ ವಿಚಾರಣಾ ವರದಿಯಲ್ಲಿ ಕೆನಡಾ ಸರ್ಕಾರ ಕೆಲವು ಸಾಲುಗಳಿಗೆ ಮಸಿ ಬಳಿದಿತ್ತು. ವಿಷಯ ಕೋರ್ಟಿಗೆ ಹೋಗಿ, ಮರುವರ್ಷ ಅದರಲ್ಲಿ ಒಂದಷ್ಟು ಭಾಗ ತೆರೆಯಬೇಕಾಯಿತು. ಇಷ್ಟಿದ್ದರೂ ಅಲ್ಲಿನ ಅಟಾರ್ನಿ ಜನರಲ್ ಒಂದು ಪ್ರಮಾಣಪತ್ರ ಹೊರಡಿಸಿ ಕೋರ್ಟಿನ ಬಿಡುಗಡೆ ಆದೇಶವನ್ನೇ ತಡೆಯಬಹುದು ಎಂಬ ಕಲಮು ಕಾನೂನಿನಲ್ಲಿದೆ. ಮುಂಬಾಗಿಲು ತೆರೆದು, ಹಿತ್ತಲ ಬಾಗಿಲಿನ ಕೀಲಿ ತಮ್ಮ ಸೊಂಟದಲ್ಲೇ ಇಟ್ಟುಕೊಂಡ ಹಾಗೆ.

ಬೆಳ್ಳಿಚುಕ್ಕಿ

ಅಂದ್ರೆ ಎಲ್ಲೇ ಹೋದರೂ ಕೊನೆಗೆ ಸರ್ಕಾರದ ಕೈಯಲ್ಲೇ ಕೀಲಿ. ಹಾಗಾದರೆ ಇಷ್ಟೆಲ್ಲ ಆಯೋಗ ಯಾಕೆ, ಸುಮ್ನೆ ಖರ್ಚು ಅಲ್ವಾ?

ಹೂತಲೆಕ್ಕ

ಖರ್ಚಿನ ಮಾತು ಬೇಡ ಬೆಳ್ಳಿಚುಕ್ಕಿ. ಮುಚ್ಚಿಡುವ ಖರ್ಚು ಅಮೆರಿಕದಲ್ಲಿ 2017ರ ಒಂದೇ ವರ್ಷದಲ್ಲಿ 1,800 ಕೋಟಿ ಡಾಲರ್ ದಾಟಿತ್ತು. ಬೀಗ, ಕಾವಲು, ಕಂಪ್ಯೂಟರ್, ಜನರ ಹಿನ್ನೆಲೆ ತಪಾಸಣೆ ಎಲ್ಲ ಸೇರಿ.

ಕಡತಪ್ರಿಯ

ಕೀಲಿ ಸರ್ಕಾರದ ಕೈಯಲ್ಲೇ ಇದ್ದರೂ ಕೆಲಸ ಆಗುವುದುಂಟು. ನನಗೆ ಬಹಳ ಕುತೂಹಲ ಹುಟ್ಟಿಸಿದ ಉದಾಹರಣೆ ಐಸ್ಕ್ಯಾಪ್. 1995ರಲ್ಲಿ ಕ್ಲಿಂಟನ್ ಆದೇಶದಿಂದ ಹುಟ್ಟಿದ ಮೇಲ್ಮನವಿ ಸಮಿತಿ. ಯಾವುದೇ ಇಲಾಖೆ ಒಂದು ಕಾಗದ ಬಿಡುವುದಿಲ್ಲ ಎಂದರೆ ಸಾಮಾನ್ಯ ಮನುಷ್ಯ ಕೊನೆಗೆ ಇಲ್ಲಿಗೆ ಬರಬಹುದು. ವಿದೇಶಾಂಗ, ರಕ್ಷಣೆ, ನ್ಯಾಯ ಇಲಾಖೆ, ರಾಷ್ಟ್ರೀಯ ದಾಖಲಾಲಯ, ಗುಪ್ತಚರ ವಿಭಾಗ, ರಾಷ್ಟ್ರೀಯ ಭದ್ರತಾ ಸಿಬ್ಬಂದಿ, ಇವರ ಪ್ರತಿನಿಧಿಗಳು ಕೂತು ಕಾಗದ ಓದಿ ಮತ ಹಾಕುತ್ತಾರೆ. ಎಲ್ಲರೂ ಸರ್ಕಾರದವರೇ! ಆದರೂ ಬಂದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇಲಾಖೆಯ ತೀರ್ಮಾನ ಪೂರ್ತಿಯಾಗಿಯೋ ಒಂದು ಭಾಗವೋ ಬಿದ್ದುಹೋಯಿತು.

ಹೇಗೆ ಇದು? ನನಗೆ ಅನಿಸುವುದು ಇಷ್ಟು. ರಕ್ಷಣಾ ಇಲಾಖೆಯ ಹಳೇ ಮುಜುಗರ ಮುಚ್ಚಿಡುವ ಹಂಬಲ ವಿದೇಶಾಂಗ ಇಲಾಖೆಯವರಿಗೆ ಇರುವುದಿಲ್ಲ. ಒಂದು ಇಲಾಖೆಗೆ ಒಂದೇ ಮತ. ತನ್ನ ಉತ್ತರಪತ್ರಿಕೆ ತಾನೇ ತಿದ್ದಿ ಮಾರ್ಕ್ಸ್ ಹಾಕಿಕೊಳ್ಳುವುದಕ್ಕೂ, ಪಕ್ಕದ ಬೆಂಚಿನವನ ಕೈಗೆ ಕೊಟ್ಟು ತಿದ್ದಿಸುವುದಕ್ಕೂ ಇರುವ ವ್ಯತ್ಯಾಸ ಅದು.

ಅಡ್ಡಪ್ರಶ್ನೆ

ಆದರೆ ಇದನ್ನು ಸ್ವತಂತ್ರ ಉಸ್ತುವಾರಿ ಅಂತ ಕರೆಯಬೇಡಿ ಮತ್ತೆ. ಪಕ್ಕದ ಬೆಂಚಿನವನೂ ಅದೇ ಶಾಲೆಯವನೇ. ಅಧ್ಯಕ್ಷರ ಆದೇಶದಿಂದ ಬಂದದ್ದು ಅಧ್ಯಕ್ಷರ ಆದೇಶದಿಂದಲೇ ಹೋಗುತ್ತದೆ. 2003ರಲ್ಲಿ ಬುಷ್ ಆದೇಶ ತಿದ್ದಿ, ಈ ಸಮಿತಿಯ ತೀರ್ಮಾನ ತಡೆಯುವ ಅಧಿಕಾರವನ್ನು ಸಿಐಎ ಮುಖ್ಯಸ್ಥರಿಗೆ ಕೊಟ್ಟರಲ್ಲ. 2009ರಲ್ಲಿ ಒಬಾಮ ಅದನ್ನು ಕಿತ್ತುಹಾಕಿದರು. ನಾಳೆ ಇನ್ನೊಬ್ಬರು ಮತ್ತೆ ಹಾಕಬಹುದು. ನೋಡಿ, ನಿಮ್ಮ ಕಡೆಯ ವಾದವನ್ನೂ ನಾನೇ ಮಾಡುವ ಪರಿಸ್ಥಿತಿ 🙂

ಕಡತಪ್ರಿಯ

ಒಪ್ಪಿದೆ ಸರ್, ಈ ಸುತ್ತು ನಿಮ್ಮದು.

ಆದೇಶದ ಬುನಾದಿ ಎಷ್ಟು ತೆಳು ಎಂಬುದಕ್ಕೆ ಇನ್ನೊಂದು ಕಥೆ. ಐಸೂ ಅಂತ ಒಂದು ಉಸ್ತುವಾರಿ ಕಚೇರಿ ಇದೆ, ಕಾರ್ಟರ್ ಕಾಲದ್ದು, ಈಗ ರಾಷ್ಟ್ರೀಯ ದಾಖಲಾಲಯದ ಒಳಗಿದೆ. ಎಲ್ಲ ಕಚೇರಿಗಳೂ ಎಷ್ಟು ಮುದ್ರೆ ಒತ್ತಿದೆವು ಎಂದು ಇದಕ್ಕೆ ವರ್ಷ ವರ್ಷ ಲೆಕ್ಕ ಕೊಡಬೇಕು. ಉಪಾಧ್ಯಕ್ಷ ಚೇನಿ ಅವರ ಕಚೇರಿ 2003ರಿಂದ ಲೆಕ್ಕ ಕೊಡುವುದನ್ನು ನಿಲ್ಲಿಸಿತು. 2004ರಲ್ಲಿ ಸ್ಥಳ ತಪಾಸಣೆಗೂ ಬಿಡಲಿಲ್ಲ. ಐಸೂ ಮುಖ್ಯಸ್ಥ ವಿಲಿಯಂ ಲೆನರ್ಡ್ ಪಟ್ಟು ಬಿಡದೆ ಪತ್ರ ಬರೆದರು. ಉತ್ತರವಾಗಿ ಐಸೂವನ್ನೇ ಎತ್ತಿಬಿಡಬೇಕು ಎಂಬ ಸಲಹೆ ಬಂತು. 2007ರಲ್ಲಿ ಇದು ಬಯಲಾಗಿ ದೊಡ್ಡ ಗಲಾಟೆ ಆಯಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅದೇ ಲೆನರ್ಡ್ ಕಚೇರಿ 2006ರಲ್ಲಿ ಮಾಡಿದ ಕೆಲಸ ಓದಿದರೆ ಇಂಥ ಕಚೇರಿ ಯಾಕೆ ಬೇಕು ಅಂತ ಗೊತ್ತಾಗುತ್ತದೆ. ದಾಖಲಾಲಯದ ತೆರೆದ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಹಳೆಯ ಕಾಗದಗಳು ಒಂದೊಂದಾಗಿ ಮಾಯವಾಗುತ್ತಿರುವುದನ್ನು ಒಬ್ಬ ಇತಿಹಾಸಕಾರರು ಗಮನಿಸಿದರು. ಗುಪ್ತಚರ ಮತ್ತು ಸೇನಾ ಸಂಸ್ಥೆಗಳು ಸದ್ದಿಲ್ಲದೆ ಬಂದು ಮತ್ತೆ ಗುಪ್ತ ಎಂದು ಎತ್ತಿಕೊಂಡು ಹೋಗುತ್ತಿದ್ದವು! 25 ಸಾವಿರಕ್ಕೂ ಹೆಚ್ಚು ದಾಖಲೆ ಹೀಗೆ ಹೋಗಿದ್ದವು. ಐಸೂ 1,353 ದಾಖಲೆಗಳನ್ನು ಮಾದರಿಯಾಗಿ ತೆಗೆದು ಓದಿತು. ನೂರಕ್ಕೆ 24 ಸ್ಪಷ್ಟವಾಗಿ ತಪ್ಪು, ಇನ್ನು 12 ಅನುಮಾನ. ಉಳಿದ 64 ಸರಿ ಎಂದೂ ಅದೇ ವರದಿ ಹೇಳಿತು. ಕಾಗದ ಕೈಯಲ್ಲಿ ಹಿಡಿದು ಓದಿದ್ದರಿಂದಲೇ ಎರಡೂ ಹೇಳಲು ಆಯಿತು.

ನಿವೃತ್ತ ಗುಮಾಸ್ತ

ನೂರಕ್ಕೆ 36! ನಮ್ಮ ಬೀರು ತೆಗೆದಿದ್ದರೆ ಇನ್ನೂ ಜಾಸ್ತಿ ಬರುತ್ತಿತ್ತು.

ಮಸಿಕುಡಿಕೆ

ಬ್ರಿಟನ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ, ನಾನು ಹೇಳುತ್ತೇನೆ. ರಹಸ್ಯ ಸಂಸ್ಕೃತಿಯ ತವರುಮನೆ ಅದು.

ವಸಾಹತುಗಳಿಗೆ ಸ್ವಾತಂತ್ರ್ಯ ಕೊಟ್ಟು ಹೊರಡುವಾಗ, ಬ್ರಿಟಿಷ್ ಸರ್ಕಾರಕ್ಕೆ ಮುಜುಗರ ತರಬಹುದಾದ ಕಾಗದಗಳನ್ನು ಹೊಸ ಸರ್ಕಾರಗಳ ಕೈಗೆ ಕೊಡಬೇಡಿ ಎಂದು 1961ರಲ್ಲಿ ಸೂಚನೆ ಹೋಗಿತ್ತು. ಬಹಳಷ್ಟು ಸುಟ್ಟರು. ಉಳಿದದ್ದನ್ನು ಹಡಗು, ವಿಮಾನದಲ್ಲಿ ತಂದು ಬೀಗ ಹಾಕಿದರು. ಆಮೇಲೆ ಕೆನ್ಯಾದ ಮೌ ಮೌ ಹೋರಾಟದ ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದ ಹಿರಿಯರು ಲಂಡನ್ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಒತ್ತಡದಿಂದ 2011ರಲ್ಲಿ ವಿದೇಶಾಂಗ ಕಚೇರಿ ಒಪ್ಪಿಕೊಂಡಿತು. ಹಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ 37 ಹಳೆಯ ವಸಾಹತುಗಳ ಸುಮಾರು 8,800 ಕಡತ ಇವೆ ಎಂದು. 2013ರಲ್ಲಿ 5,228 ಜನರಿಗೆ 1.99 ಕೋಟಿ ಪೌಂಡ್ ಪರಿಹಾರಕ್ಕೆ ಸರ್ಕಾರ ಒಪ್ಪಿತು.

ಗಮನಿಸಿ, ಇಷ್ಟು ವರ್ಷ ಯಾವ ಪರಿಶೀಲಕರೂ ಅದನ್ನು ಕೇಳಿರಲಿಲ್ಲ. ಯಾಕಂದ್ರೆ ಅಂಥ ಕಡತ ಇದೆ ಎಂದೇ ಯಾರಿಗೂ ಹೇಳಿರಲಿಲ್ಲ. ಏನಿದೆ ಎಂಬ ಪಟ್ಟಿ ಇಲ್ಲದೆ ಉಸ್ತುವಾರಿ ಏನು ಮಾಡುತ್ತೀರಿ? ನನ್ನ ಮಟ್ಟಿಗೆ ಇಡೀ ಚರ್ಚೆಯ ಬೇರು ಇದೇ.

ಹಾಂ, ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. 2014ರಲ್ಲಿ ಬ್ರಿಟನ್ ತನ್ನ ಮುದ್ರೆಗಳ ಶ್ರೇಣಿಯನ್ನು ಮೂರಕ್ಕೆ ಇಳಿಸಿತು. ಅಫಿಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್. ಮೆಟ್ಟಿಲು ಕಡಿಮೆ ಆದರೆ ಎಡವುವುದೂ ಕಡಿಮೆ. 2018ರಲ್ಲಿ ನ್ಯೂಜಿಲೆಂಡಿನ ಗುಪ್ತಚರ ಇನ್‌ಸ್ಪೆಕ್ಟರ್ ಜನರಲ್ ತಮ್ಮ ದೇಶದ ವರ್ಗೀಕರಣ ಪದ್ಧತಿಯನ್ನೇ ಪರಿಶೀಲಿಸಿ, ಅದನ್ನು ಸರಳ ಮಾಡಿ ಎಂದರು. ಒಂದು ಕಾಗದವನ್ನಲ್ಲ, ಪದ್ಧತಿಯನ್ನು ನೋಡಿದ್ದು. ಇದು ನನಗೆ ಹಿಡಿಸಿತು.

ಬೆಳ್ಳಿಚುಕ್ಕಿ

ಭಾರತದ ಕಾನೂನಿನಲ್ಲಿ ಹೊರಗಿನ ಕಣ್ಣು ಇದೆಯಾ ವಕೀಲೆ ಮೇಡಂ?

ವಕೀಲೆ_ರೇ

ವರ್ಗೀಕರಣಕ್ಕೆಂದೇ ಇರುವ ಸ್ವತಂತ್ರ ಸಂಸ್ಥೆ ಇಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಶಿಕ್ಷೆ ಹೇಳುತ್ತದೆ, ರಹಸ್ಯ ಅಂದ್ರೆ ಏನು ಎಂದು ಬಿಡಿಸಿ ಹೇಳುವುದಿಲ್ಲ. ಅದನ್ನು ರದ್ದು ಮಾಡಿ ಎಂದು ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಹೇಳಿತು. ಮುದ್ರೆ ಯಾವಾಗ ಒತ್ತಬೇಕು ಎಂದು ಹೇಳುವ ಗೃಹ ಇಲಾಖೆಯ ಕೈಪಿಡಿಯೇ ಸಾರ್ವಜನಿಕರಿಗೆ ಇಲ್ಲ.

ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(2) ಎಂಬ ಚಿಕ್ಕ ಕಲಮು ಇದೆ. ರಹಸ್ಯ ಕಾಯ್ದೆ ಏನೇ ಹೇಳಲಿ, ಬಚ್ಚಿಡುವುದರಿಂದ ಉಳಿಯುವ ಹಿತಕ್ಕಿಂತ ತೆರೆಯುವುದರಿಂದ ಜನರಿಗೆ ಆಗುವ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುತ್ತದೆ. ಮಾಹಿತಿ ಆಯೋಗ ಕಾಗದ ತರಿಸಿಕೊಂಡು ನೋಡಬಹುದು. 1962ರ ಚೀನಾ ಯುದ್ಧದ ಬಗ್ಗೆ ಸೇನೆ ಮಾಡಿಸಿದ್ದ ಹೆಂಡರ್ಸನ್ ಬ್ರೂಕ್ಸ್ ವರದಿ ಕೇಳಿದಾಗ ಹಾಗೇ ಆಯಿತು. ಕೇಂದ್ರ ಮಾಹಿತಿ ಆಯೋಗ ವರದಿಯನ್ನು ನೋಡಿ, ಗಡಿ ವಿಷಯ ಇನ್ನೂ ಜೀವಂತವಾಗಿದೆ, ಕೊಡಬೇಕಿಲ್ಲ ಎಂದು 2010ರಲ್ಲಿ ಹೇಳಿತು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಇಂಟರ್‌ನೆಟ್‌ಗೆ ಹಾಕಿಬಿಟ್ಟರು. ಅಲ್ಲಿಗೆ ತೀರ್ಮಾನದ ಕಥೆ ಏನಾಯಿತು ಎಂದು ನೀವೇ ಯೋಚಿಸಿ.

ಕೋರ್ಟಿನಲ್ಲಿ ಬಹಳ ಕಾಲ ನಡೆದದ್ದು ಮುಚ್ಚಿದ ಲಕೋಟೆ. ಸರ್ಕಾರ ಲಕೋಟೆ ಕೊಡುತ್ತದೆ, ನ್ಯಾಯಾಧೀಶರು ಓದುತ್ತಾರೆ, ಎದುರು ಪಕ್ಷದವರು ಮುಖ ಮುಖ ನೋಡುತ್ತಾ ಕೂರುತ್ತಾರೆ. ರೆನಾಲ್ಡ್ಸ್‌ನಲ್ಲಿ ಯಾರೂ ಓದಲಿಲ್ಲ. ಇಲ್ಲಿ ಒಬ್ಬರು ಓದಿದರು, ಆದರೆ ಒಂದೇ ಕಡೆಯ ಮಾತು ಕೇಳಿಕೊಂಡು. 2023ರ ಏಪ್ರಿಲ್‌ನಲ್ಲಿ ಭದ್ರತೆಯ ಕಾರಣ ಹೇಳಿ ಪರವಾನಗಿ ನವೀಕರಿಸದ ಮೀಡಿಯಾ ಒನ್ ಚಾನೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತು. ಭದ್ರತೆ ಎಂಬ ಮಾತನ್ನು ಗಾಳಿಯಿಂದ ಹಿಡಿದು ತರಲು ಆಗದು ಎಂಬುದು ಅದರ ಸಾರ. ಗುಟ್ಟು ಕಾಯುವ ಷರತ್ತಿನ ಮೇಲೆ ಒಬ್ಬ ನ್ಯಾಯಮಿತ್ರರನ್ನು ನೇಮಿಸಿ, ಅವರು ಕಾಗದ ನೋಡಿ ವಾದ ಮಾಡಲಿ ಎಂಬ ದಾರಿಯನ್ನೂ ತೋರಿಸಿತು. ವಕೀಲೆಯಾಗಿ ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಬರೀ ಓದುವ ಕಣ್ಣು ಸಾಲದು, ಇದು ತಪ್ಪು ಎಂದು ಎದುರು ನಿಂತು ಹೇಳುವ ಬಾಯಿ ಬೇಕು.

ಅಡ್ಡಪ್ರಶ್ನೆ

ನ್ಯಾಯಮಿತ್ರರ ದಾರಿ ನನಗೂ ಒಪ್ಪಿಗೆ. ಅಲ್ಲಿ ನನ್ನ ತೂತಿನ ವಾದ ನಿಲ್ಲುವುದಿಲ್ಲ.

ಆದರೆ ಉಳಿದದ್ದೆಲ್ಲ ಎಷ್ಟೋ ವರ್ಷ ಆದ ಮೇಲಿನ, ಅಥವಾ ಯಾರಾದರೂ ಕೋರ್ಟಿಗೆ ಹೋದ ಮೇಲಿನ ಕಥೆ. ವರ್ಷಕ್ಕೆ ಕೋಟಿಗಟ್ಟಲೆ ಮುದ್ರೆ ಬೀಳುತ್ತಿರುವಾಗ ಹತ್ತಾರು ಮೇಲ್ಮನವಿ ನೋಡಿ ಏನು ಬಂತು? ಕಂಬಳಿಯಲ್ಲಿ ಅನ್ನ ಕಟ್ಟಿ ಆಮೇಲೆ ಕೂದಲು ಆರಿಸುತ್ತಾ ಕೂತ ಹಾಗೆ.

ನಿವೃತ್ತ ಗುಮಾಸ್ತ

ಈ ಮಾತಿಗೆ ನನ್ನ ಎರಡೂ ಕೈ ಮೇಲೆ. ಮೇಜಿನ ಹತ್ತಿರವೇ ಹಿಡಿಯಬೇಕು. ನನಗೆ ಅಧಿಕಾರ ಕೊಟ್ಟರೆ ಮುದ್ರೆ ಒತ್ತುವವರು ಪಕ್ಕದಲ್ಲಿ ಒಂದು ಸಾಲು ಬರೆಯಲೇಬೇಕು ಎನ್ನುತ್ತೇನೆ. ಯಾಕೆ, ಯಾರಿಂದ, ಯಾವತ್ತಿನವರೆಗೆ. ಕಾರಣ ಬರೆಯಲು ಕೂತಾಗಲೇ ಅರ್ಧ ಮುದ್ರೆ ಬೀಳುವುದಿಲ್ಲ, ಸೋಮಾರಿತನ ಅಂಥದ್ದು.

ಕಡತಪ್ರಿಯ

ಗುಮಾಸ್ತರೇ, ಅಮೆರಿಕದ ಆದೇಶದಲ್ಲಿ ಅದು ಇದೆ. ಹೆಸರು, ಕಾರಣ, ತೆರವಿನ ದಿನಾಂಕ ಮೂರೂ ನಮೂದಿಸಬೇಕು. ಪ್ರಾಯೋಗಿಕವಾಗಿ ಪಟ್ಟಿಯಿಂದ ಒಂದು ಸಂಖ್ಯೆ ಆರಿಸಿ ಹಾಕಿದರೆ ಕಾರಣ ಬರೆದಂತೆ.

ನಿವೃತ್ತ ಗುಮಾಸ್ತ

ಸಂಖ್ಯೆ ಹಾಕಲು ಬಿಟ್ಟರೆ ನಾನೂ ಹಾಕುತ್ತಿದ್ದೆ ಸರ್. ವಾಕ್ಯ ಬರೆಸಬೇಕು, ಕೈಯಿಂದ. ಆಮೇಲೆ ಹೊರಗಿನವರು ಹೇಳದೆ ಕೇಳದೆ ಬಂದು ನೂರು ಕಡತ ಎಳೆದು ನೋಡಬೇಕು. ತಪ್ಪು ಮುದ್ರೆ ಸಿಕ್ಕರೆ ಒತ್ತಿದವರ ಸರ್ವೀಸ್ ಬುಕ್ಕಿಗೆ ಒಂದು ಸಾಲು. ಒಂದೇ ಸಾಲು ಸಾಕು.

ವಕೀಲೆ_ರೇ

ಕೆಳಗಿನವರಿಗೆ ಮಾತ್ರ ಶಿಕ್ಷೆ ಆಗದಂತೆ ನೋಡಿಕೊಳ್ಳಬೇಕು ಗುಮಾಸ್ತರೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಆಗಬಾರದು. ಮುಜುಗರ ಮುಚ್ಚುವ ಮುದ್ರೆಗಳು ಗುಮಾಸ್ತರ ಮೇಜಿನಿಂದ ಬರುವುದಿಲ್ಲ.

ದೇಶದ ಭದ್ರತೆ ಮತ್ತು ಮಾಹಿತಿ ಹಕ್ಕಿನ ಬಗೆಗಿನ 2013ರ ತ್ಶ್ವಾನೆ ತತ್ವಗಳು ಇದೇ ಕಾರಣಕ್ಕೆ ನನಗೆ ಇಷ್ಟ. 70ಕ್ಕೂ ಹೆಚ್ಚು ದೇಶಗಳ 500ಕ್ಕೂ ಹೆಚ್ಚು ತಜ್ಞರ ಸಲಹೆ ಪಡೆದು, 22 ಸಂಸ್ಥೆಗಳು ಸೇರಿ ಬರೆದದ್ದು. ಮಾನವ ಹಕ್ಕಿನ ಗಂಭೀರ ಉಲ್ಲಂಘನೆಯ ಮಾಹಿತಿಯನ್ನು ಭದ್ರತೆಯ ಹೆಸರಿನಲ್ಲಿ ಮುಚ್ಚಿಡಲು ಆಗದು ಎನ್ನುತ್ತದೆ. ಉಸ್ತುವಾರಿ ಸಂಸ್ಥೆಗಳಿಗೆ ಗುಪ್ತ ಕಾಗದವನ್ನೂ ನೋಡುವ ಅಧಿಕಾರ ಬೇಕು ಎನ್ನುತ್ತದೆ. ಕಾನೂನಲ್ಲ, ಬರೀ ತತ್ವ. ಆದರೆ ವಾದ ಮಾಡುವಾಗ ಕೈಯಲ್ಲಿ ಹಿಡಿಯಲು ಒಂದು ಕೋಲು.

ಬೆಳ್ಳಿಚುಕ್ಕಿ

ಕಡತಪ್ರಿಯ ಅವರೇ, ಮೊದಲ ಕಥೆ ಅರ್ಧಕ್ಕೇ ಬಿಟ್ಟಿರಿ. ಆ ಮಗಳು ವರದಿ ಸಿಕ್ಕಿದ ಮೇಲೆ ಏನು ಮಾಡಿದರು?

ಕಡತಪ್ರಿಯ

ಕೋರ್ಟಿಗೆ ಹೋದರು. 1953ರ ತೀರ್ಪಿನ ನಂತರ ಮೂರು ಕುಟುಂಬಗಳು ಒಟ್ಟು 1,70,000 ಡಾಲರ್‌ಗೆ ರಾಜಿ ಆಗಿದ್ದವು, ಮೊದಲು ಕೋರ್ಟ್ ಕೊಟ್ಟಿದ್ದಕ್ಕಿಂತ ಕಡಿಮೆ. ಈಗ ವಾರಸುದಾರರು, ಸರ್ಕಾರ ಅಂದು ಕೋರ್ಟಿಗೆ ಮೋಸ ಮಾಡಿದೆ ಎಂದರು. 2003ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಕೆಳಗಿನಿಂದ ಮತ್ತೆ ಹೋದರು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಂದಿನ ಪ್ರಮಾಣಪತ್ರವನ್ನು ಮೋಸವಲ್ಲ ಎಂದು ಅರ್ಥ ಮಾಡಿಕೊಳ್ಳಲೂ ಅವಕಾಶವಿದೆ ಎಂದು ಕೇಸು ಮುಚ್ಚಿತು.

ರೆನಾಲ್ಡ್ಸ್ ತೀರ್ಪು ಇವತ್ತಿಗೂ ಚಾಲ್ತಿಯಲ್ಲಿದೆ. 2022ರಲ್ಲಿ, ಸಿಐಎ ಹಿಡಿದಿಟ್ಟಿದ್ದ ಕೈದಿ ಅಬು ಜುಬೈದಾ ಪ್ರಕರಣದಲ್ಲಿ ಅದನ್ನೇ ಆಧಾರ ಮಾಡಿಕೊಂಡರು. ಪೋಲೆಂಡಿನಲ್ಲಿ ಸಿಐಎ ಗುಪ್ತ ಜೈಲು ಇತ್ತು ಎಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಆ ಜೈಲು ಪೋಲೆಂಡಿನಲ್ಲಿತ್ತೋ ಇಲ್ಲವೋ ಎಂಬುದು ಅಮೆರಿಕದ ಕೋರ್ಟಿನಲ್ಲಿ ಇನ್ನೂ ಸರ್ಕಾರದ ರಹಸ್ಯ.

ನಿವೃತ್ತ ಗುಮಾಸ್ತ

ಪೇಪರಿನ ತುಣುಕಿಗೆ ಬೀಗ ಹಾಕುತ್ತಿದ್ದವರು ನಾವೊಬ್ಬರೇ ಅಂದುಕೊಂಡಿದ್ದೆ.